ಹೆಗಡೆಯವರ ಹಳೇ ಟೈಮು

೧೯೪೩ನೇ ಇಸವಿ ಏಪ್ರಿಲ್ ಆರು, ಮಂಗಳವಾರ. ಕಾಗಾಲದ ವಿಘ್ನೇಶ್ವರ ಹೆಗಡೆಯವರು ಕುಮಟಾ ಠಾಣೆಗೆ ಬಂದು ತಮ್ಮ ಗೋಡೆ ಗಡಿಯಾರ ಕಳುವಾಗಿದೆಯೆಂದು ಫಿರ್ಯಾದಿ ಕೊಟ್ಟರು. ಬೆಳಿಗ್ಗೆ ಆರಕ್ಕೆ ಸ್ನಾನಕ್ಕೆ ಹೋಗುವಾಗ ಇತ್ತು. ಏಳಕ್ಕೆ ಪೂಜೆ ಮುಗಿಸಿ ಬಂದರೆ ಇಲ್ಲ. ತೆಂಗಿನಕಾಯಿ ಕೊಯ್ಯುವ ಸೋಮನ ಮೇಲೆ ಗುಮಾನಿ.

“ಆರು ಅಂದ್ರೆ ಹೊಸ ಟೈಮೋ, ಹಳೇದೋ?” ಫೌಜದಾರ ಲಿಂಗಪ್ಪ ಕೇಳಿದ.

“ನಮ್ಮನೇಲಿ ಇಪ್ಪುದು ಒಂದೇ ಟೈಮು.”

ಲಿಂಗಪ್ಪ ಲೇಖನಿ ಕೆಳಗಿಟ್ಟ. ಯುದ್ಧದ ಸಲುವಾಗಿ ಸರಕಾರ ಗಡಿಯಾರವನ್ನು ಒಂದು ತಾಸು ಮುಂದೆ ತಳ್ಳಿ ಏಳು ತಿಂಗಳಾಗಿತ್ತು. ಚಳಿಗಾಲವಿಡೀ ಠಾಣೆಯ ಬೆಳಗಿನ ಹಾಜರಿಗೆ ಕಂದೀಲು ಹಚ್ಚಬೇಕಾಗಿತ್ತು. ಕಚೇರಿ, ಶಾಲೆ, ಮೋಟಾರು ಹೊಸ ಟೈಮಿಗೆ, ಹಳ್ಳಿಗಳು ಹಳೇದಕ್ಕೆ. ಒಬ್ಬ ಸಾಕ್ಷಿಯ ಜಬಾನಿಯೂ ಇನ್ನೊಬ್ಬನದಕ್ಕೆ ಹೊಂದುತ್ತಿರಲಿಲ್ಲ. ಹೆಗಡೆಯವರಂತೂ ಬ್ರಿಟಿಷರ ಟೈಮು ಮುಟ್ಟುವುದಿಲ್ಲವೆಂದು ಹಟ ಹಿಡಿದವರು. ಗಡಿಯಾರ ಹೋದಾಗ ಮಾತ್ರ ಬ್ರಿಟಿಷರ ಠಾಣೆಯೇ ಬೇಕಾಯಿತು ಎಂದು ಗೊಣಗುತ್ತ ಲಿಂಗಪ್ಪ ಎಫ್‌ಐಆರ್ ಬರೆದ.

ಮಧ್ಯಾಹ್ನ ಕಾಗಾಲದಲ್ಲಿ ಪಂಚನಾಮೆಯಾಯಿತು. ಬಾಗಿಲು ಮುರಿದಿರಲಿಲ್ಲ, ಮೊಳೆ ಅಲುಗಿರಲಿಲ್ಲ. ಅಷ್ಟರಲ್ಲಿ ಪೊಲೀಸ್ ಮಾಸ್ತಿ ಸೋಮನ ಸೊಂಟಕ್ಕೆ ಹಗ್ಗ ಕಟ್ಟಿ ಎಳೆದುತಂದ. ಏಳರಿಂದ ಎಂಟರವರೆಗೆ ಧಕ್ಕೆಯಲ್ಲಿ ದೋಣಿಗೆ ಕಾಯಿ ತುಂಬುತ್ತಿದ್ದೆ ಎಂದು ಸೋಮ ಹೇಳಿದ್ದ. ಧಕ್ಕೆಯ ಗುಮಾಸ್ತರ ದಾಖಲೆಯೂ ಹಾಗೇ ಇತ್ತು.

“ಆರಕ್ಕೆ ಕದ್ದು ಏಳಕ್ಕೆ ಅಲ್ಲಿಗೆ ಹೋಗಾನೆ ಸಾಹೇಬ್ರೆ,” ಎಂದ ಮಾಸ್ತಿ.

ಲಿಂಗಪ್ಪ ತನ್ನ ಡೈರಿ ತೆಗೆದ. ಧಕ್ಕೆಯದು ಹೊಸ ಟೈಮು. ಹೆಗಡೆಯವರ ಆರರಿಂದ ಏಳು ಎಂದರೆ ಹೊಸದರಲ್ಲಿ ಏಳರಿಂದ ಎಂಟು. ಗಡಿಯಾರ ಹೋದ ಹೊತ್ತಿಗೆ ಸೋಮ ಧಕ್ಕೆಯಲ್ಲೇ ಇದ್ದ. ಹಗ್ಗ ಬಿಚ್ಚಲು ಹೇಳಿದ. ಮಾಸ್ತಿಗೆ ಅರ್ಥವಾಗಲಿಲ್ಲ; ಎರಡು ಸಲ ಹೇಳಬೇಕಾಯಿತು, ಮೂರನೆಯ ಸಲ ಗದರಿಸಬೇಕಾಯಿತು.

ಆ ಹೊತ್ತಿನಲ್ಲಿ ಮನೆಯೊಳಗೆ ಮತ್ಯಾರಿದ್ದರು ಎಂದು ಲಿಂಗಪ್ಪ ಕೇಳಿದ. ಹೆಗಡೆಯವರು ಒಳಬಾಗಿಲತ್ತ ನೋಡಿದರು. ಬಾಗಿಲ ಮರೆಯಿಂದ ಅವರ ವಿಧವೆ ಮಗಳು ಮಹಾಲಕ್ಷ್ಮೀ ಹೊರಬಂದಳು. ಇಪ್ಪತ್ತೆರಡರ ಹೆಂಗಸು.

“ಸೋಮಂದು ಎಂತದೂ ತಪ್ಪಿಲ್ಲೆ. ಬಾವಿಗೆ ಹಾಕಿದ್ದು ನಾನು.”

ಮಾಸ್ತಿ ಬಾವಿಗೆ ಪಾತಾಳಗರಡಿಯ ಕೊಕ್ಕೆ ಇಳಿಸಿದ. ಗಡಿಯಾರ ಮೇಲೆ ಬಂತು, ಗಾಜು ಒಡೆದಿತ್ತು. ಪಂಚರು ಸಹಿ ಮಾಡಿದರು. ಕಾಗದ ಹರಿದುಬಿಡಿ ಎಂದು ಹೆಗಡೆಯವರು ಬೇಡಿಕೊಂಡರು. ಎಫ್‌ಐಆರ್ ಹರಿಯಲು ಬರುವುದಿಲ್ಲ ಎಂದ ಲಿಂಗಪ್ಪ, ಸಂಜೆ ಐದು ಹತ್ತಕ್ಕೆ, ಹೊಸ ಟೈಮು ಎಂದೇ ಬರೆದು, ಆಕೆಯನ್ನು ದಸ್ತಗಿರಿ ಮಾಡಿದ. ಮುಚ್ಚಳಿಕೆ ಬರೆಸಿಕೊಂಡು ರಾತ್ರಿಯೊಳಗೆ ಬಿಡುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದ.

ಆಕೆಯ ಜಬಾನಿ ಚಿಕ್ಕದಿತ್ತು. ಗಂಡ ತೀರಿ ನಾಲ್ಕು ವರ್ಷ ಅಡಿಗೆಮನೆಯಲ್ಲೇ ಓದಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕಟ್ಟಿದ್ದಳು. ಪಾಸಾದರೆ ಮಾಸ್ತರಿಕೆ, ಯಾರ ಹಂಗೂ ಇಲ್ಲ. ಅಪ್ಪ ಒಪ್ಪಿದ್ದು ಒಂದು ಸಲ ಕೂರುವುದಕ್ಕೆ ಮಾತ್ರ. ಕಳೆದ ವಾರದ ಸೋಮವಾರ ಹನ್ನೊಂದಕ್ಕೆ ಪರೀಕ್ಷೆ. ಹೊಸ ಟೈಮಿರಬಹುದು, ಬೇಗ ಹೊರಡುವ ಎಂದು ಎರಡು ಸಲ ಕೇಳಿದ್ದಳು. ಅಪ್ಪ ಗೋಡೆಯತ್ತ ಕೈ ತೋರಿಸಿದ್ದರು. ಕುಮಟಾ ಮುಟ್ಟುವಾಗ ಬಾಗಿಲು ಹಾಕಿ ಮುಕ್ಕಾಲು ತಾಸಾಗಿತ್ತು.

ಮೊದಲ ದಿನ ಯಾವ ವಿಷಯವಿತ್ತು ಎಂದು ಲಿಂಗಪ್ಪ ಕೇಳಿದ. ಅದು ಜಬಾನಿಗೆ ಬೇಕಾಗಿರಲಿಲ್ಲ.

“ಗಣಿತ,” ಎಂದಳು. “ಅದು ನಂಗೆ ಪೂರಾ ಬತ್ತಿತ್ತು.”