ಎಂಬತ್ತು ಚಾಕುಗಳು

ಎವೆಲಿಯೊ ಓದಲು ಕೂತ ಮೊದಲ ದಿನವೇ ಒಡಾಲಿಸ್ ತನ್ನ ಚಾಕುವನ್ನು ನೆಲಕ್ಕೆ ಎಸೆದಿದ್ದಳು.

ಪಿನಾರ್ ದೆಲ್ ರಿಯೊದ ಆ ಸಿಗಾರ್ ಕಾರ್ಖಾನೆಯಲ್ಲಿ ಎಂಬತ್ತು ಜನ ಸಾಲಾಗಿ ಕೂತು ತಂಬಾಕಿನ ಎಲೆ ಸುತ್ತುತ್ತಾರೆ. ಎತ್ತರದ ಕುರ್ಚಿಯಲ್ಲಿ ಕೂತ ಒಬ್ಬರು ಅವರಿಗೆ ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದುತ್ತಾರೆ. ಓದು ಹಿಡಿಸಿದರೆ ಎಲೆ ಕತ್ತರಿಸುವ ಚಾಕುವಿನಿಂದ ಹಲಗೆ ತಟ್ಟಬೇಕು. ಹಿಡಿಸದಿದ್ದರೆ ನೆಲಕ್ಕೆ ಎಸೆಯಬೇಕು. ಎಲ್ಲರ ಚಾಕೂ ನೆಲಕ್ಕೆ ಬಿದ್ದ ದಿನ ಓದುವವನ ಕೆಲಸ ಹೋದಂತೆ.

ಎವೆಲಿಯೊ ಕೆಳಗಿಳಿದು ಬಂದು, ಚಾಕು ಎತ್ತಿ ಒಡಾಲಿಸ್‌ಳ ಹಲಗೆಯ ಮೇಲಿಟ್ಟ.

"ಏನು ತಪ್ಪಾಯ್ತು?"

"ಕಾದಂಬರಿಯ ಆ ಹೆಂಗಸು ಸಾಯೋದನ್ನ ನುಂಗಿಬಿಟ್ರಿ. ಪುಟ ಹಾರಿಸಿದ್ರಿ."

"ಹೇಗೆ ಗೊತ್ತಾಯ್ತು?"

"ಹಾಳೆ ಮಗುಚಿದ ಸದ್ದು ದಪ್ಪಗಿತ್ತು."

ಅವನು ನಕ್ಕ. "ಅಳ್ತೀರೇನೋ ಅಂತ ಹಾರಿಸಿದೆ."

"ಅಳೋದಕ್ಕೇ ಕೂತಿರೋದು ನಾವು. ಓದಿ."

ಅವನು ಓದಿದ. ಅವಳು ಅತ್ತಳು. ಆಮೇಲೆ ಹಲಗೆ ತಟ್ಟಿದಳು, ಎಲ್ಲರಿಗಿಂತ ಮೊದಲು.

ಎರಡು ವರ್ಷ ಕಳೆಯಿತು. ಇಬ್ಬರ ಮದುವೆಗೆ ದಿನ ನಿಗದಿಯಾಯಿತು. ಆ ವಸಂತದಲ್ಲೇ ಅವನು ಒಂದೇ ಪುಟವನ್ನು ಎರಡು ಸಲ ಓದತೊಡಗಿದ.

"ನಿನ್ನ ಗಂಡಿಗೆ ಪ್ರೀತಿ ತಲೆಗೇರಿದೆ ಕಣೇ," ಪಕ್ಕದ ಹಲಗೆಯ ನೆರೇಯ್ಡಾ ಕುಟುಕಿದಳು. "ಪಾಪ, ಕಾದಂಬರಿಯ ಆ ಕ್ಯಾಪ್ಟನ್ ಇವತ್ತು ಎರಡನೇ ಸಲ ಮುಳುಗಿ ಸತ್ತ."

ಕೋಣೆಯೆಲ್ಲ ನಕ್ಕಿತು. ಒಡಾಲಿಸ್ ಕೂಡ.

ನಿಗದಿಯಾದ ಶನಿವಾರ ಮದುವೆ ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ, ಬಾಡಿಗೆಯ ಬಿಳಿ ಉಡುಪಿನಲ್ಲಿ ಅವಳು ಮೂರು ಗಂಟೆ ನಿಂತಳು. ಕೇಕಿನ ಕೆನೆ ಕರಗಿ ತಟ್ಟೆಗಿಳಿಯಿತು. ಎವೆಲಿಯೊ ಬರಲಿಲ್ಲ.

ಸೋಮವಾರ ಬಂದ. ಏನೂ ಆಗಿಲ್ಲವೆಂಬಂತೆ ಕುರ್ಚಿ ಏರಿದ. ಏರಿದವನು ಅವಳನ್ನೇ ನೋಡಿ ನಕ್ಕ... ಮನೆಯವಳನ್ನು ನೋಡಿ ನಗುವ ಹಾಗೆ, ಸಲುಗೆಯಿಂದ.

ಎಷ್ಟು ಧೈರ್ಯ ಇವನಿಗೆ... ಒಡಾಲಿಸ್‌ಳ ಕೈ ತಾನಾಗಿ ಎದ್ದಿತು. ಚಾಕು ನೆಲಕ್ಕೆ ಬಿತ್ತು. ಮದುವೆಯ ದಿನ ಅವಳ ಪಕ್ಕದಲ್ಲೇ ನಿಂತಿದ್ದ ನೆರೇಯ್ಡಾ ತನ್ನದನ್ನೂ ಎಸೆದಳು. ಆಮೇಲೆ ಸಾಲು ಸಾಲಾಗಿ ಎಂಬತ್ತು ಚಾಕುಗಳು.

ಕೊನೆಯದು ಬೀಳುವವರೆಗೆ ಅವನು ಕಾದ. ಪುಸ್ತಕ ಮುಚ್ಚಿ ಹೊರನಡೆದ. ಟೋಪಿ ಕುರ್ಚಿಯಲ್ಲೇ ಉಳಿಯಿತು.

ಗುರುವಾರ ಆ ಟೋಪಿಯನ್ನು ಅವನ ಮುಖಕ್ಕೆ ಎಸೆಯಲೆಂದು ಅವಳು ಅವನ ಮನೆಗೆ ಹೋದಳು.

"ಬಂದೆಯಾ..." ಬಾಗಿಲು ತೆರೆದವನ ಮುಖ ಅರಳಿತು. "ಮದುವೆಯಾದ ಕೂಡಲೇ ತವರಲ್ಲಿ ಕೂರ್ತಾರಾ ಯಾರಾದ್ರೂ? ಬಾ, ಕಾಫಿ ಇಡ್ತೀನಿ."

"ಯಾವ ಮದುವೆ?"

"ಶನಿವಾರದ್ದು. ಮೆಟ್ಟಿಲ ಮೇಲೆ ಬಿಳಿ ಬಟ್ಟೆಯಲ್ಲಿ ನಿಂತಿದ್ದೆಯಲ್ಲ. ಕೇಕಿನ ಕೆನೆ ಕರಗ್ತಿತ್ತು. ನೆರೇಯ್ಡಾ ಬೀಸಣಿಗೆ ಬೀಸ್ತಿದ್ದಳು."

ಒಡಾಲಿಸ್ ಟೋಪಿ ಹಿಡಿದೇ ಒಳಗೆ ಬಂದಳು. ಬೀಸಣಿಗೆಯ ವಿಷಯ ಇವನಿಗೆ ಹೇಗೆ ಗೊತ್ತು? ಕಚೇರಿಯ ಎದುರು, ರಸ್ತೆಯಾಚೆ ಒಂದು ಉದ್ಯಾನವಿತ್ತು. ಹಾಗಾದರೆ ಆ ಮೂರು ಗಂಟೆಯೂ ಅವನು ಅಲ್ಲೇ ಇದ್ದ. ತನ್ನ ಮದುವೆಯನ್ನು ಬೆಂಚಿನ ಮೇಲೆ ಕೂತು ನೋಡಿ, ಮುಗಿಯಿತೆಂದು ಮನೆಗೆ ಹೋಗಿದ್ದ.

ಒಲೆಯ ಹಿಂದಿನ ಗೋಡೆಗೆ ಹವಾನಾದ ಆಸ್ಪತ್ರೆಯೊಂದರ ಕಾಗದ ಅಂಟಿಸಿತ್ತು. ಏಪ್ರಿಲ್‌ನಲ್ಲಿ ಅವನು ಹಲ್ಲು ನೋವೆಂದು ಅವಳಿಗೆ ಹೇಳಿ ಅಲ್ಲಿಗೆ ಹೋಗಿಬಂದಿದ್ದ. ಅದರಲ್ಲಿ ಬರೆದಿತ್ತು: ಅರಿವಿನ ತೊಂದರೆ, ಕಾರಣ ನಿರ್ದಿಷ್ಟಪಡಿಸಿಲ್ಲ.

ಅವಳು ಕಾಗದ ಕಿತ್ತುಕೊಂಡು ಎದುರುಮನೆಯ ಡಾಕ್ಟರ್ ಮಾಗ್ಡಾಳ ಬಳಿ ಓಡಿದಳು.

"ಇದು ಯಾವ ಕಾಯಿಲೆ?"

"ಇನ್ನೂ ಯಾವುದೂ ಅಲ್ಲ. ನೆನಪು ತಪ್ಪುತ್ತಿದೆ ಅಂತ ಗೊತ್ತು, ಯಾಕೆ ಅಂತ ಗೊತ್ತಿಲ್ಲ. ಏನು ಬೇಕಾದ್ರೂ ತುಂಬಿರಬಹುದಾದ ದೊಡ್ಡ ಚೀಲ ಈ ಹೆಸರು. ಥೈರಾಯ್ಡ್ ಇರಬಹುದು, ವಿಟಮಿನ್ ಕೊರತೆ ಇರಬಹುದು, ಮಿದುಳಲ್ಲಿ ಸಣ್ಣ ರಕ್ತನಾಳ ಕಟ್ಟಿರಬಹುದು. ಇಲ್ಲಾ, ದಿನದಿನಕ್ಕೂ ತಿಂದುಹಾಕೋ ಕಾಯಿಲೆಯ ಶುರು ಇರಬಹುದು."

"ಆಗದ ಮದುವೆ ಆಯ್ತು ಅಂತಾನೆ. ಸುಳ್ಳು ಹೇಳ್ತಿದಾನಾ?"

"ಇಲ್ಲ. ಖಾಲಿ ಜಾಗಕ್ಕೆ ತಲೆ ತಾನೇ ಕಥೆ ತುಂಬಿಕೊಳ್ಳುತ್ತೆ. ಅವನ ಪಾಲಿಗೆ ಅದು ನಿಜ."

"ವಾಸಿಯಾಗುತ್ತಾ?"

"ಮೊದಲ ಎರಡಾದ್ರೆ ಆಗಬಹುದು. ಕೊನೆಯದಾದ್ರೆ ಒಂದು ದಿನ ಅವನಿಗೆ ನಿನ್ನ ಹೆಸರೂ ನೆನಪಿರಲ್ಲ. ಮಿದುಳಿನ ಸ್ಕ್ಯಾನಿಗೆ ಅವನ ಸರದಿ ಸೆಪ್ಟೆಂಬರಲ್ಲಿ. ಯೋಚಿಸು. ನೀನಿನ್ನೂ ಅವನ ಹೆಂಡತಿ ಅಲ್ಲ."

ಮಾಗ್ಡಾ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೂವತ್ತೆಂಟರ ಒಡಾಲಿಸ್ ಸುಮ್ಮನೆ ತನ್ನ ಮನೆಗೆ ಹೋಗಬಹುದಿತ್ತು.

ಶುಕ್ರವಾರ ಅವಳು ಕಾರ್ಖಾನೆಯಲ್ಲಿ ಎಲ್ಲರ ಮುಂದೆ ನಿಂತು, ಅವನನ್ನು ಮತ್ತೆ ಓದಲು ಕರೆಯಿರೆಂದು ಬೇಡಿದಳು.

"ಕನಿಕರಕ್ಕೆ ಯಾರ ಓದನ್ನೂ ಕೇಳಲ್ಲ ನಾವು," ನೆರೇಯ್ಡಾ ಎಲೆಯಿಂದ ಕಣ್ಣೆತ್ತದೆ ಅಂದಳು. "ಎಸೆದಿದ್ದು ನೀನೇ ತಾನೇ?"

ಸಂಜೆ ಅವಳು ಎವೆಲಿಯೊನ ಎದುರು ಕೂತಳು. ಮಾಗ್ಡಾಳ ಚೀಲದ ಮಾತೂ ಸೇರಿ ಎಲ್ಲ ಹೇಳಿದಳು; ಯಾವ ಪುಟವನ್ನೂ ಹಾರಿಸಲಿಲ್ಲ.

"ಮದುವೆ ಆಗಿಲ್ಲ, ಎವೆಲಿಯೊ. ನೀನು ರಸ್ತೆ ದಾಟಿ ಬರಲೇ ಇಲ್ಲ."

ಅವಳು ತಂದುಕೊಟ್ಟ ಟೋಪಿಯನ್ನು ಅವನು ಕೈಗೆತ್ತಿಕೊಂಡ.

"ಕೆಲಸಕ್ಕೆ ಮತ್ತೆ ಕರೀತಾರಾ?"

"ಇಲ್ಲ. ಹೊಸಬಳು ಬಂದಿದ್ದಾಳೆ. ಚೆನ್ನಾಗಿ ಓದ್ತಾಳೆ. ಮೊದಲು ಚಾಕು ಎಸೆದವಳು ನಾನು."

"ಗೊತ್ತು. ನಿನ್ನದರ ಸದ್ದು ನನಗೆ ಗೊತ್ತು... ಮೊದಲ ದಿನ ಎತ್ತಿಕೊಟ್ಟವನು ನಾನೇ ಅಲ್ವಾ?"

ಅವಳು ಮುಖ ಮುಚ್ಚಿಕೊಂಡಳು.

"ಹೋಗಿಬಿಡು ಒಡಾಲಿಸ್. ಆ ಚೀಲದಿಂದ ಏನು ಹೊರಬರುತ್ತೋ."

ಅವಳು ಕಣ್ಣೊರೆಸಿಕೊಂಡು, ತನ್ನ ಏಪ್ರನ್ನಿನ ಜೇಬಿನಿಂದ ಚಾಕು ತೆಗೆದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಆಸ್ಪತ್ರೆಯ ಕಾಗದ.

"ಓದು."

"ಇದನ್ನಾ?"

"ಒಂದು ಸಾಲೂ ಬಿಡದೆ. ಅಳೋದಕ್ಕೇ ಕೂತಿರೋದು ನಾನು."

ಅವನು ಬೆನ್ನು ನೇರ ಮಾಡಿದ. ಅದೇ ಹಳೆಯ, ಕೋಣೆ ತುಂಬುವ ದನಿಯಲ್ಲಿ ತನ್ನ ಹೆಸರು, ವಯಸ್ಸು, ಪರೀಕ್ಷೆಯಲ್ಲಿ ತಪ್ಪಿದ ಲೆಕ್ಕಗಳು, ನೆನಪಾಗದ ಐದು ಪದಗಳು, ಎಲ್ಲವನ್ನೂ ಓದಿದ. ಕೊನೆಯ ಸಾಲನ್ನು ಎರಡು ಸಲ ಓದಿದ.

ಅವಳು ಚಾಕುವಿನಿಂದ ಮೇಜನ್ನು ತಟ್ಟಿದಳು.

"ಎರಡು ಸಲ ಓದಿದೆನಾ?"

"ಹೂಂ."

"ಆದರೂ ತಟ್ಟಿದೆ."

"ತಟ್ಟಿದೆ. ಮದುವೆ ಕಚೇರಿಯಲ್ಲಿ ಮುಂದಿನ ಶನಿವಾರಕ್ಕೆ ಮತ್ತೆ ದಿನ ಕೇಳಿ ಬಂದಿದ್ದೀನಿ."

ಅವನು ಅವಳ ಬೆರಳುಗಳನ್ನು ಹಿಡಿದುಕೊಂಡ. ಎಲೆಯ ಕಹಿ ವಾಸನೆ.

"ಮತ್ತೆ ಆ ಬೆಂಚಲ್ಲೇ ಕೂತುಬಿಟ್ಟರೆ?"

"ಕೂತಿರು. ರಸ್ತೆ ನಾನು ದಾಟ್ತೀನಿ."