ದಾನವ್ವನಿಗೆ ಮದ್ದು ಹಾಕಿದ್ದು ಯಾರು?

ಬ್ಯಾಟರಾಯನಪುರದ ಸರ್ಕಾರಿ ಆಸ್ಪತ್ರೆಯ ನರ್ಸ್ ಲಕ್ಷ್ಮಿದೇವಮ್ಮನಿಗೆ ಆವತ್ತು ಬೆಳಿಗ್ಗೆಯಿಂದಲೇ ತಲೆ ಕೆಟ್ಟುಹೋಗಿತ್ತು. ಮಾತ್ರೆ ಬೇಕೆಂದು ಕೇಳಿದರೆ ಮೇಲಿನವರು ಬ್ಯಾಂಡೇಜ್ ಬಟ್ಟೆ ಕಳಿಸಿದ್ದರು. ಅಂಥ ಹೊತ್ತಿನಲ್ಲೇ ಶಿವಪ್ಪ ತನ್ನ ತಾಯಿ ದಾನವ್ವನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬಂದು, ಬಾಗಿಲಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದ:

"ನಮ್ಮವ್ವಗ ನನ್ನ ಹೇಂತಿ ಮದ್ದು ಹಾಕ್ಯಾಳ್ರಿ. ಊಟದಾಗ ವಿಷಾ ಬೆರಸ್ಯಾಳ. ಡಾಕ್ಟರು ಹೌದಂದ್ರ ಸಾಕು, ಇವತ್ತ ಸಂಜಿ ರೈಲಿಗೆ ಅಕಿನ್ನ ತವರಿಗೆ ಹತ್ತಸ್ತೀನಿ."

ಹಿಂದೆ ನಡೆದುಕೊಂಡು ಬಂದಿದ್ದ ಹೆಂಡತಿ ಪಾರವ್ವ ಬಾಗಿಲ ಹೊರಗೇ ನಿಂತಳು. ಬೇಡಿಕೊಂಡು, ಅತ್ತು ಮುಗಿದ ಮುಖ ಅದು.

ಬಾಗಲಕೋಟೆ ಕಡೆಯಿಂದ ಹೊಸದಾಗಿ ಬಂದ ಸಂಸಾರ. ಶಿವಪ್ಪ ಯಶವಂತಪುರದಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಬಣ್ಣ ಕಲಸುತ್ತಿದ್ದ. ಉಗುರು ಸಂದಿಯಲ್ಲೆಲ್ಲ ಅದೇ ಬಣ್ಣ. ದಾನವ್ವನಿಗೆ ಹೊಟ್ಟೆ ಹಿಂಡುವ ನೋವು, ಮೈಯಲ್ಲಿ ರಕ್ತವಿಲ್ಲ, ಮುಂಗೈ ಜೋತುಬಿದ್ದಿದೆ. ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಡಾಕ್ಟರು ನರದ ಡಾಕ್ಟರ ಹತ್ತಿರ ಕಳಿಸಿದರಂತೆ, ನರದವರು ರಕ್ತದವರ ಹತ್ತಿರ, ರಕ್ತದವರು ರಜ. ಕೊನೆಗೆ ಯಾರೋ ಜಂತುಹುಳದ ಔಷಧಿ ಕುಡಿಸಿ ಕೈ ತೊಳೆದುಕೊಂಡರಂತೆ. ಎಲ್ಲರೂ ಕೇಳಿದ್ದು ಒಂದೇ, ಏನು ತಿಂದೆ? ಮನೆಯವರೆಲ್ಲ ತಿನ್ನುವ ರೊಟ್ಟಿ ಪಲ್ಯವೇ ಎಂದು ಮುದುಕಿ ಹೇಳಿದ್ದೂ ಒಂದೇ. ಕೇಳುತ್ತಾ ಲಕ್ಷ್ಮಿದೇವಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ದಾನವ್ವ ಪಕ್ಕದ ಗೋಡೆಗೆ ಪಿಚಕ್ಕನೆ ಉಗಿಯಬೇಕೆ!

"ಏನಜ್ಜೀ, ಎಲೆ ಆಕ್ಕೊಂಡು ಇಂಗೆ ಉಗಿದ್ರೆ ಒರೆಸೋರ್ಯಾರು?"

ಬೈದುಕೊಂಡೇ ಒರೆಸಿದಳು. ಪುಣ್ಯಕ್ಕೆ ಬಿಳಿ ಗೋಡೆಯ ಮೇಲೆ ಕೆಂಪು ಕಲೆ ಬೀಳಲಿಲ್ಲ.

ಡಾಕ್ಟರ್ ಗಂಗಾದೇವಿಯವರ ವಾಸ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲೇ. ಬೇರೆಯವರು ಕೈಬಿಟ್ಟ ರೋಗಿಗಳ ಕಾಯಿಲೆ ಪತ್ತೆ ಹಚ್ಚುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಆದರೆ ಮನಸ್ಸಿನಲ್ಲಿರುವುದನ್ನು ಒಂದು ಸಲಕ್ಕೆ ಹೇಳಿದ ಹೆಣ್ಣಲ್ಲ. ಅವರು ದಾನವ್ವನ ತುಟಿ ಎತ್ತಿ ವಸಡು ನೋಡಿದರು. ಹಲ್ಲಿನ ಬುಡದಲ್ಲಿ ಕಪ್ಪುನೀಲಿ ಗೆರೆಯೊಂದಿತ್ತು. ಆಮೇಲೆ ಗೋಡೆ ನೋಡಿದರು, ಒರೆಸಿದ ಬಟ್ಟೆ ನೋಡಿದರು, ಶಿವಪ್ಪನ ಕೆಲಸ ಏನೆಂದು ವಿಚಾರಿಸಿದರು. ಕೊನೆಗೆ ತಮ್ಮ ಅಡುಗೆಮನೆಯಿಂದ ಅರಿಶಿನ ತರಲು ಲಕ್ಷ್ಮಿದೇವಮ್ಮನನ್ನು ಅಟ್ಟಿದರು. ಇಲ್ಲಿ ಒಬ್ಬಳ ಸಂಸಾರ ಮುರಿದು ಬೀಳುತ್ತಿದೆ, ಇವರಿಗೆ ಅರಿಶಿನ ಬೇಕಂತೆ ಎಂದು ಗೊಣಗುತ್ತಲೇ ಹೋದಳು.

ಅವಳು ವಾಪಸು ಬಂದಾಗ ಡಾಕ್ಟರು ಎಲ್ಲರನ್ನೂ ಮೇಜಿನ ಸುತ್ತ ನಿಲ್ಲಿಸಿದ್ದರು. ಅರಿಶಿನದ ನೀರನ್ನು ಎರಡು ಬಟ್ಟಲಿಗೆ ಸುರಿದರು. ಒಂದಕ್ಕೆ ಜವಾನ ಚಿಕ್ಕಹನುಮಯ್ಯನ ಎಲೆಚೀಲದಲ್ಲಿದ್ದ ಸುಣ್ಣ, ಇನ್ನೊಂದಕ್ಕೆ ದಾನವ್ವ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಡಬ್ಬಿಯ ಸುಣ್ಣ. ಮೊದಲನೆಯದು ಆರತಿಯ ನೀರಿನಂತೆ ಕೆಂಪಾಯಿತು. ಎರಡನೆಯದು ಹಳದಿಯಾಗಿಯೇ ಉಳಿಯಿತು.

"ಈ ಡಬ್ಬಿ ತುಂಬಿ ಕೊಟ್ಟೋರು ಯಾರಮ್ಮ?"

ದಾನವ್ವನಿಗೆ ಆ ನೋವಿನಲ್ಲೂ ಹೆಮ್ಮೆ. "ನನ್ನ ಮಗಾರೀ. ಈ ಊರ ಸುಣ್ಣಕ್ಕ ಬಾಯಿ ಸುಡತೈತಿ ಅಂದಿದ್ದೆ. ನುಣ್ಣಂದು ತಂದುಕೊಟ್ಟ."

"ಅದು ಸುಣ್ಣ ಅಲ್ಲ ಶಿವಪ್ಪ, ಸಫೇದ. ಬಣ್ಣಕ್ಕೆ ಹಾಕೋ ಸೀಸ. ಶುದ್ಧ ವಿಷ."

ಶಿವಪ್ಪ ಡಬ್ಬಿಯನ್ನು ಕೈಗೆ ತೆಗೆದುಕೊಂಡು ನೋಡಿದ. "ಶೆಡ್ಡಿನಾಗ ಎಲ್ಲಾರೂ ಅದಕ್ಕ ಸುಣ್ಣಾ ಅಂತಾರ್ರಿ..."

ಗಂಗಾದೇವಿ ಬಿಡಿಸಿ ಹೇಳಿದರು. ವಸಡಿನ ಗೆರೆ ನೋಡಿದಾಗಲೇ ಸೀಸದ ಅನುಮಾನ ಬಂದಿತ್ತು. ಅಡುಗೆಯಲ್ಲಿದ್ದಿದ್ದರೆ ಮನೆಮಂದಿಯೆಲ್ಲ ಕಾಯಿಲೆ ಬಿದ್ದು ಮಲಗಬೇಕಿತ್ತು, ಹಾಗಾಗಿ ಪಾರವ್ವನ ಒಲೆಗೂ ಇದಕ್ಕೂ ಸಂಬಂಧವಿಲ್ಲ. ಮುದುಕಿ ಒಬ್ಬಳ ಬಾಯಿಗೇ ಹೋಗುವುದು ಏನೋ ಇರಬೇಕು. ಡಾಕ್ಟರುಗಳೆಲ್ಲ ಏನು ತಿಂದೆ ಎಂದೇ ಕೇಳಿದರು. ಎಲೆ ಅಡಿಕೆಯನ್ನು ಯಾರಾದರೂ ತಿಂದೆ ಅನ್ನುತ್ತಾರೆಯೇ? ಹಾಕಿಕೊಂಡೆ ಅನ್ನುತ್ತಾರೆ. ಆಕೆ ಸುಳ್ಳು ಹೇಳಿರಲಿಲ್ಲ. ಇನ್ನು, ಸುಣ್ಣ ಸೇರಿದ ಎಲೆ ಅಡಿಕೆ ಉಗಿದರೆ ಗೋಡೆ ಕೆಂಪಾಗಬೇಕು, ಆಗಿರಲಿಲ್ಲ. ಬಣ್ಣ ಕಲಸುವವನ ಮನೆಗೆ ಸೀಸ ಎಲ್ಲಿಂದ ಬಂತೆಂದು ಹುಡುಕಬೇಕಾಗಿರಲಿಲ್ಲ.

ರಕ್ತ ಪರೀಕ್ಷೆಯಾಗಬೇಕು, ಸೀಸ ಇಳಿಸುವ ಇಂಜೆಕ್ಷನ್ ದೊಡ್ಡಾಸ್ಪತ್ರೆಯಲ್ಲೇ ಸಿಗಬೇಕು ಎಂದರು. "ಈ ಸಲ ನಾನೇ ಜೊತೇಲಿ ಬರ್ತೀನಿ. ಬೆಡ್ ಕೊಡೋವರೆಗೂ ವಾರ್ಡಿನ ಬಾಗಿಲು ಬಿಟ್ಟು ಕದಲಲ್ಲ."

ಲಕ್ಷ್ಮಿದೇವಮ್ಮನಿಗೆ ಶಿವಪ್ಪನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಅವನ ಮುಖ ನೋಡಿ ಅಯ್ಯೋ ಪಾಪ ಎಂದೂ ಅನ್ನಿಸಿತು. ಅವನು ಹೆಂಡತಿಯ ಕಡೆ ತಿರುಗಿ, ತಪ್ಪಾತು, ಮನಿಗೆ ನಡಿ ಎಂದು ಗೊಗ್ಗರು ದನಿಯಲ್ಲಿ ಅಂದ.

ಪಾರವ್ವ ಆಗ ಮೊದಲ ಸಲ ಬಾಯಿ ತೆರೆದಳು. "ಅತ್ತಿ ಜೋಡಿ ದವಾಖಾನ್ಯಾಗ ನಾ ಇರ್ತೀನಿ. ಅಕಿ ಅರಾಮ ಆದಮ್ಯಾಲೆ ನಾನಾಗೇ ತವರಿಗೆ ಹೋಗ್ತೀನಿ. ನೀವು ರೈಲು ಹತ್ತಸೂದು ಬ್ಯಾಡ."

ದಾನವ್ವ ಸೊಸೆಯ ಸೆರಗು ಹಿಡಿಯಲು ಹೋದಳು, ಬೆರಳು ಮಡಚಲಿಲ್ಲ. ಪಾರವ್ವ ಆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಅರಾಮ ಆಗ್ಲಿ ತಡಿ," ಎಂದಳು ದಾನವ್ವ, ಮಗನ ಕಡೆ ನೋಡದೆ. "ನಾನೂ ನಿನ್ನ ಜೋಡಿ ಬರ್ತೀನಿ."