ಬೆಲ್ಲಾಫಿಯೊರೆ ಸಾಹೇಬರ ಸಾವಿನ ಕಾಗದ

ಅಕ್ಟೋಬರ್ ಹನ್ನೊಂದು, ಶನಿವಾರ, ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಕಾಲಾಫಿನ ಠಾಣೆಗೆ ದೂರು ಬಂತು. ಕಮಿಸ್ಸಾರಿಯೊ ಎತ್ತೊರೆ ಬೆಲ್ಲಾಫಿಯೊರೆ ತೀರಿಕೊಂಡರೆಂದು ಯಾರೋ ಊರ ಗೋಡೆಗಳ ಮೇಲೆಲ್ಲ ಸಾವಿನ ಕಾಗದ ಅಂಟಿಸಿದ್ದಾರೆ. ದೂರು ಕೊಟ್ಟವರು ಸ್ವತಃ ಮೇಯರ್ ಓರ್ನೆಲ್ಲಾ ಝಪ್ಪಾಲಾ. ಅವರ ಲೆಕ್ಕದಲ್ಲಿ ಇದು ಹತ್ತು ಕೊಲೆಗಳಿಗಿಂತ ದೊಡ್ಡ ಅಪರಾಧ.

ಬೆಲ್ಲಾಫಿಯೊರೆ ಎಂಬ ಮನುಷ್ಯ ಹುಟ್ಟಿದ್ದೇ ಇಲ್ಲ. ಸಾಯುವ ಮಾತು ಎಲ್ಲಿಂದ? ಮಿಲಾನಿನಲ್ಲಿ ಕೂತ ಲೇಖಕನೊಬ್ಬ ಪತ್ತೇದಾರಿ ಕಾದಂಬರಿಗಳಲ್ಲಿ ಹುಟ್ಟಿಸಿದ ಪೊಲೀಸ್ ಅಧಿಕಾರಿ ಅವರು. ಟೀವಿಯವರು ಆ ಕತೆಗಳನ್ನು ನಮ್ಮ ಕಾಲಾಫಿನದಲ್ಲಿ ಚಿತ್ರೀಕರಿಸಿದ್ದೇ ತಡ, ಪ್ರಪಂಚದಲ್ಲಿ ಓದು ಬಲ್ಲವರೆಲ್ಲ ಇಲ್ಲಿ ಬಂದಿಳಿದರು. ಸಿಸಿಲಿಯ ಉಳಿದ ಊರುಗಳಿಗೆ ದೇವಸ್ಥಾನಗಳಿವೆ, ಜ್ವಾಲಾಮುಖಿ ಇದೆ. ನಮಗೆ ಕಮಿಸ್ಸಾರಿಯೊ ಇದ್ದಾರೆ, ಜ್ವಾಲಾಮುಖಿಗಿಂತ ಹೆಚ್ಚು ಜನ ಇವರನ್ನು ನೋಡಲು ಬರುತ್ತಾರೆ. ಅವರು ಕಾಫಿ ಕುಡಿದ ಬಟ್ಟಲು ಊರಿನ ಹನ್ನೆರಡು ಅಂಗಡಿಗಳಲ್ಲಿದೆ. ಹನ್ನೆರಡೂ ಅಸಲಿ.

ಚೌಕದಲ್ಲಿದ್ದ ಹಳದಿ ಕಟ್ಟಡ ಮೊದಲು ನಿಜವಾದ ಠಾಣೆಯಾಗಿತ್ತು. ಟೀವಿಯವರಿಗೆ ಅದರ ಬಾಲ್ಕನಿ ಹಿಡಿಸಿತು. ಕಟ್ಟಡ ಬೆಲ್ಲಾಫಿಯೊರೆಗೆ ಹೋಯಿತು, ಟಿಕೆಟ್ ಕೊಂಡು ನೋಡುವ ಠಾಣೆಯಾಯಿತು. ಅಸಲಿ ಇನ್ಸ್‌ಪೆಕ್ಟರ್ ಗಾಸ್ಪರೆ ಇಂದೆಲಿಕಾತೊ ಮೀನು ಮಾರುಕಟ್ಟೆಯ ಹಿಂದಿನ ಎರಡು ಕೋಣೆಗೆ ಬಂದ. ಅಲ್ಲಿನ ವಾಸನೆ ಎಂಥದ್ದೆಂದರೆ ಕಳ್ಳರು ಹೊಡೆತಕ್ಕೆ ಮೊದಲೇ ತಪ್ಪೊಪ್ಪಿಕೊಳ್ಳುತ್ತಿದ್ದರು. ಪರ್ಸು ಕಳಕೊಂಡ ಪ್ರವಾಸಿಗರು ಓಡುವುದು ಹಳದಿ ಕಟ್ಟಡಕ್ಕೆ. ಆ ಬೆಳಿಗ್ಗೆ ಮೇಯರಮ್ಮನೂ ಗಾಬರಿಯಲ್ಲಿ ಮೊದಲು ಓಡಿದ್ದು ಅಲ್ಲಿಗೇ. ಟಿಕೆಟ್ ಕೇಳಿದ ಮೇಲೆ ನೆನಪಾಗಿ ಇತ್ತ ಬಂದರು.

ಇಂದೆಲಿಕಾತೊ ಎಫ್‌ಐಆರ್ ಬರೆಯಲು ಕೂತ.

"ಮೃತರ ಹೆಸರು?"

"ತಮಾಷೆ ಬೇಡ ಇನ್ಸ್‌ಪೆಕ್ಟರೇ."

"ಕಾಗದಕ್ಕೆ ಬೇಕು ಮೇಡಂ."

"ಎತ್ತೊರೆ ಬೆಲ್ಲಾಫಿಯೊರೆ."

"ತಂದೆ ಹೆಸರು?"

ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಪುಲೆಯೊ ಗಂಟಲು ಸರಿಮಾಡಿಕೊಂಡ. "ಲೇಖಕ, ಸಾಹೇಬ್ರೆ."

"ವಾಸ?"

"ನಿಮ್ಮ ಹಳೇ ಕುರ್ಚೀಲಿ."

ಮೇಯರಮ್ಮ ಮೇಜು ಗುದ್ದಿದರು. "ನಗ್ರಪ್ಪಾ, ನಗ್ರಿ! ಸ್ವೀಡನ್ನಿಂದ ಬಂದ ಹೆಂಗಸರು ಹೋಟ್ಲು ಮೆಟ್ಲ ಮೇಲೆ ಕೂತು ಅಳ್ತಾವ್ರೆ. ಎರಡು ಬಸ್ಸು ವಿಮಾನ ನಿಲ್ದಾಣದಿಂದ್ಲೇ ಪಕ್ಕದೂರು ರೊಕ್ಕಾವೆಕ್ಯಕ್ಕೆ ತಿರುಗಿದ್ವು. ಟೀವಿಯೋರು ಫೋನ್ ಮಾಡಿ, ನಮ್ಮ ನಾಯಕನ್ನೇ ಸಾಯ್ಸೋ ಊರಲ್ಲಿ ಮುಂದಿನ ಕಂತು ತೆಗೆಯಲ್ಲ ಅಂದ್ರು. ನಾಳೆಯೊಳಗೆ ಆಸಾಮಿ ಸಿಗ್ಬೇಕು. ಸಿಗ್ಲಿಲ್ಲ ಅಂದ್ರೆ ಈ ಠಾಣೆ ಯಾಕಿರ್ಬೇಕು ಅಂತ ನಾನು ಮೇಲಿನೋರಿಗೆ ಬರೀತೀನಿ. ಚೌಕದಲ್ಲಿ ಹೇಗೂ ಒಂದಿದೆಯಲ್ಲ."

ಇಂದೆಲಿಕಾತೊ ಟೋಪಿ ಎತ್ತಿಕೊಂಡ. ಆಕೆ ಹೇಳಿದ್ದು ಮಾಡುವ ಹೆಂಗಸು.

ಹತ್ತು ಗಂಟೆಗೆ ದೊಡ್ಡ ಚರ್ಚಿನ ಗೋಡೆಯೆದುರು ಪಂಚನಾಮೆ ನಡೆಯಿತು. ಪಂಚರಾಗಿ ಬ್ರೆಡ್ಡಿನಂಗಡಿಯ ಮಿಕೆಲಾಂಜೊಲೊ ಮತ್ತು ಡೆನ್ಮಾರ್ಕಿನ ಒಬ್ಬ ನಿವೃತ್ತ ಶಿಕ್ಷಕಿ ಸಿಕ್ಕರು. ನಮ್ಮಲ್ಲಿ ಯಾರು ಸತ್ತರೂ ಮನೆಯವರು ಕಪ್ಪು ಅಂಚಿನ ದೊಡ್ಡ ಹಾಳೆಯಲ್ಲಿ ಹೆಸರು ಬರೆಸಿ ಬೀದಿಬೀದಿಗೆ ಅಂಟಿಸುತ್ತಾರೆ. ಇದೂ ಅದೇ ಹಾಳೆ, ಯಾವ ಅಂಗಡಿಯಲ್ಲೂ ಸಿಗುವಂಥದ್ದು. ಅಕ್ಷರ ಕುಂಚದಲ್ಲಿ ಬರೆದದ್ದು. ಅಂಟು ಮನೆಯಲ್ಲಿ ಕುದಿಸಿದ ಮೈದಾ ಗಂಜಿ. ಒಕ್ಕಣೆ ಹೀಗಿತ್ತು:

*ಚರ್ಚಿನ ವಿಧಿಗಳ ಸಾಂತ್ವನ ಪಡೆದು ನಮ್ಮನ್ನಗಲಿದರು ಕಮಿಸ್ಸಾರಿಯೊ ಎತ್ತೊರೆ ಬೆಲ್ಲಾಫಿಯೊರೆ, ಊರವರ ಬಾಯಲ್ಲಿ ಮಡಿಚಿದ ಕೊಡೆ. ಶವಯಾತ್ರೆ ಭಾನುವಾರ, ದೊಡ್ಡ ಚರ್ಚಿನ ಮುಂಬಾಗಿಲಿನಿಂದ. ಹೂವು ಬೇಡ.*

ಹೂವು ಬೇಡ ಎಂದು ಬರೆದಿದ್ದಕ್ಕೇ ಇರಬೇಕು, ಗೋಡೆಯ ಬುಡದಲ್ಲಿ ಹೂವಿನ ಗುಡ್ಡ ಎದ್ದಿತ್ತು. ಮೂರು ಜಿಲ್ಲೆಯ ತೋಟಗಳು ಬೋಳಾಗಿರಬೇಕು. ಪುಲೆಯೊ ಮೊಣಕಾಲುದ್ದ ಹೂವಲ್ಲಿ ನಿಂತು ಅಳತೆ ಹಿಡಿದ. ಡೆನ್ಮಾರ್ಕಿನ ಶಿಕ್ಷಕಿ ಸಹಿ ಹಾಕಿ ಕಣ್ಣೊರೆಸಿಕೊಂಡರು.

"ನೀವು ಅವರ ಕೈಕೆಳಗೆ ಕೆಲ್ಸ ಮಾಡ್ತಿದ್ರಾ?"

"ಇಲ್ಲಮ್ಮ. ಅವರು ನನ್ನ ಕಟ್ಟಡದಲ್ಲಿ ಕೆಲ್ಸ ಮಾಡ್ತಾರೆ," ಅಂದ ಇಂದೆಲಿಕಾತೊ.

ಆಕೆ ಅವನ ಕೈ ಹಿಡಿದು ಒತ್ತಿದರು. ಸಹೋದ್ಯೋಗಿಯನ್ನು ಕಳಕೊಂಡವನ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದುಕೊಂಡಿರಬೇಕು.

ಚೌಕದಲ್ಲಿ ಒಂಬತ್ತು ಕ್ಯಾಮೆರಾಗಳಿದ್ದವು. ಪುಲೆಯೊ ಒಂಬತ್ತನ್ನೂ ನೋಡಿ ಬಂದ. ಒಂಬತ್ತೂ ಬೆಲ್ಲಾಫಿಯೊರೆಯ ಬಾಲ್ಕನಿಯನ್ನೇ ನೋಡುತ್ತಿದ್ದವು, ಮನೆಯಲ್ಲಿ ಕೂತ ಅಭಿಮಾನಿಗಳಿಗಾಗಿ. ಗೋಡೆಗಳನ್ನು ನೋಡುವ ಒಂದೂ ಇರಲಿಲ್ಲ.

"ರೊಕ್ಕಾವೆಕ್ಯದೋರ ಕೆಲ್ಸ ಸಾಹೇಬ್ರೆ. ಹೊಟ್ಟೆಕಿಚ್ಚು," ಅಂದ ಪುಲೆಯೊ.

"ಅಲ್ಲ."

"ಯಾಕೆ?"

"ಕೊಡೆ."

ಇಂದೆಲಿಕಾತೊ ಗುಡ್ಡದ ಮೇಲಿನ ಊರಿನವನು. ಅವನೂರಲ್ಲೂ ಒಂದೇ ಹೆಸರಿನ ಮೂವತ್ತು ಜನ ಇದ್ದರು; ಅಡ್ಡಹೆಸರಿಲ್ಲದೆ ಸಾವಿನ ಕಾಗದ ಅಂಟಿಸಿದರೆ ಸತ್ತವರು ಯಾರೆಂದು ಯಾರಿಗೂ ಗೊತ್ತಾಗದು, ಬದುಕಿದ್ದವನ ಮನೆಗೆ ಅಳಲು ಹೋಗುತ್ತಿದ್ದರು. ಅವನಪ್ಪ ಸತ್ತಾಗಲೂ ಸರಕಾರಿ ಹೆಸರಿನ ಕೆಳಗೆ 'ಎರಡೂಟ' ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು. ಹಳೇ ಕಾಲದವರ ಕೈ ಅಡ್ಡಹೆಸರಿಲ್ಲದೆ ಸಾವಿನ ಕಾಗದ ಬರೆಯಲಾರದು, ದೇವರ ಮುಂದೆ ಹಾದವರು ಶಿಲುಬೆಯ ಗುರುತು ಹಾಕಿಕೊಳ್ಳುವ ಹಾಗೆ ತಾನಾಗಿ ಬರುತ್ತದೆ. ಬೆಲ್ಲಾಫಿಯೊರೆಯ ಅಭಿಮಾನಿ ಸಂಘದ ಅಧ್ಯಕ್ಷನಿಗೆ ಫೋನು ಮಾಡಿ ಕೇಳಿದ. ಅಷ್ಟೂ ಕಾದಂಬರಿಗಳಲ್ಲಿ ಕಮಿಸ್ಸಾರಿಯೊಗೆ ಅಡ್ಡಹೆಸರಿಲ್ಲ. ಬರೆದವನು ಮಿಲಾನಿನವನು, ಅವನಿಗೇನು ಗೊತ್ತು?

ಹಾಗಾದರೆ ಕೊಡೆ ಈ ಊರಿನ ಬೇರೆ ಯಾರದೋ ಅಡ್ಡಹೆಸರು.

ಹನ್ನೊಂದೂವರೆಗೆ ಇಂದೆಲಿಕಾತೊ ಕ್ಷೌರಿಕ ದೊನ್ ಲಿಬೊರಿಯೊನ ಅಂಗಡಿಗೆ ಹೋದ. ಲಿಬೊರಿಯೊಗೆ ಎಂಬತ್ತು ದಾಟಿತ್ತು. ಈ ಊರಿನಲ್ಲಿ ಅವನ ಕತ್ತಿಗೆ ಕುತ್ತಿಗೆ ಕೊಡದ ಗಂಡಸಿಲ್ಲ, ಎರಡು ಮಹಾಯುದ್ಧಗಳ ಸೈನಿಕರೂ ಸೇರಿ, ಅಂತ ಅವನೇ ಹೇಳಿಕೊಳ್ಳುವುದು.

"ಮಡಿಚಿದ ಕೊಡೆ ಅಂದ್ರೆ ಯಾರು ದೊನ್ ಲಿಬೊರಿಯೊ?"

ಕತ್ತಿ ನೊರೆಯ ನಡುವೆ ನಿಂತಿತು. "ಗಲ್ಲ ಎತ್ತಿ."

"ಕೇಳಿದ್ದು ಕೇಳಿಸ್ತಾ?"

"ವಯಸ್ಸಾಯ್ತು ಸಾಹೇಬ್ರೆ. ಬಲಗಿವಿ ಮಂದ."

"ನಾನು ಎಡಕ್ಕೇ ಕೂತಿದೀನಿ."

"ಅದು ಇನ್ನೂ ಮಂದ."

ಪುಲೆಯೊ ನಕ್ಕ. ಇಂದೆಲಿಕಾತೊ ನಗಲಿಲ್ಲ. "ನಿಮ್ಮ ಅಂಗಡಿ ಹೆಸರು ಈಗ ಏನು, ಹೇಳಿ."

ಮುದುಕ ಕಿಟಕಿಯತ್ತ ನೋಡಿದ. ಗಾಜಿನ ಮೇಲೆ, ಮೊದಲು ಅವನ ಹೆಸರಿದ್ದ ಜಾಗದಲ್ಲಿ, 'ಕಮಿಸ್ಸಾರಿಯೊ ಕ್ಷೌರಮಂದಿರ' ಎಂದು ಚಿನ್ನದ ಬಣ್ಣದಲ್ಲಿತ್ತು.

"ಎತ್ತರಕ್ಕೆ, ಸಣ್ಣಕ್ಕೆ ಇದ್ದ," ಅಂದ ಕೊನೆಗೆ, ಸ್ವರ ತಗ್ಗಿಸಿ. "ಬೇಸಗೇಲೂ ಕರೀ ಕೋಟು. ಮೂಲೇಲಿ ಒರಗಿ ನಿಂತ್ರೆ ಯಾರೋ ಮರೆತು ಹೋದ ಕೊಡೆ ಥರಾನೇ. ಹೆಸರಿಟ್ಟೋನು ನಾನೇ. ಇಷ್ಟೇ ಸಾಹೇಬ್ರೆ. ಇನ್ನೊಂದು ಮಾತು ಕೇಳಿದ್ರೆ ಕಿವಿ ಕೊಯ್ದು ಹೋದೀತು."

"ಇದ್ದ ಅಂದ್ರಿ."

"ಹೂಂ. ಮೇ ತಿಂಗಳ ತನಕ."

ನಗರಸಭೆಯ ಪುಸ್ತಕದ ಪ್ರಕಾರ ಮೇ ತಿಂಗಳಲ್ಲಿ ಸತ್ತ ಗಂಡಸು ಒಬ್ಬನೇ, ಉಪ್ಪಿನಾಗರದಲ್ಲಿ ದುಡಿದಿದ್ದ ಬಾಸ್ತಿಯಾನೊ ಮಂದಾಲಾ. ಹೆಂಡತಿ ಕ್ರೊಚಿಫಿಸ್ಸಾ, ವಯಸ್ಸು ಎಪ್ಪತ್ತೆಂಟು, ಹಳದಿ ಕಟ್ಟಡದ ಹಿಂದಿನ ಓಣಿಯಲ್ಲಿ ವಾಸ.

ಬಾಗಿಲು ತೆರೆದೇ ಇತ್ತು. ಮೈದಾ ಗಂಜಿ ಮೆತ್ತಿದ ಪಾತ್ರೆ ತೊಟ್ಟಿಯಲ್ಲಿ ನೆನೆದಿತ್ತು, ಕುಂಚ ಕಿಟಕಿಯಲ್ಲಿ ಒಣಗುತ್ತಿತ್ತು. ಬಚ್ಚಿಡುವ ಯೋಚನೆಯೇ ಆಕೆಗೆ ಬಂದಂತಿರಲಿಲ್ಲ. ಕರೀ ಸೀರೆಯಂಥ ಉದ್ದ ಶಾಲು ಹೊದ್ದ ಮುದುಕಿ ಇಬ್ಬರಿಗೂ ಕಾಫಿ ಇಟ್ಟಳು. ಆ ಕಾಫಿ ಬೆಲ್ಲಾಫಿಯೊರೆಯನ್ನೂ ಎಬ್ಬಿಸುವಷ್ಟು ಗಟ್ಟಿಯಾಗಿತ್ತು.

"ದೊನ್ನಾ ಕ್ರೊಚಿಫಿಸ್ಸಾ, ಆ ಕಾಗದ ಅಂಟಿಸಿದ್ದು ಯಾರು?"

"ನಾನು."

"ಯಾವಾಗ?"

"ಮೊದಲ ಪ್ರಾರ್ಥನೆಗೆ ಹೋಗ್ತಾ. ಈ ನಿನ್ನ ಹುಡುಗ ನೋಡ್ದ."

ಪುಲೆಯೊನ ಮುಖ ಟೊಮೇಟೊ ಆಯಿತು. ಇಂದೆಲಿಕಾತೊ ಅವನ ಕಡೆ ತಿರುಗಿದ.

"ನೋಡಿದ್ಯಾ?"

"ಓದ್ಲಿಲ್ಲ ಸಾಹೇಬ್ರೆ. ಸಾವಿನ ಕಾಗದ ಅಂತ ಟೋಪಿ ತೆಗ್ದೆ. ಮೇಲಿನ ಮೂಲೆ ಎಟುಕ್ತಿರ್ಲಿಲ್ಲ, ಪಾಪ ಮುದುಕಿ ಅಂತ ಸ್ವಲ್ಪ... ಒತ್ತಿಕೊಟ್ಟೆ."

"ಒಳ್ಳೇ ಹುಡುಗ," ಅಂದಳು ಮುದುಕಿ. "ಚೆನ್ನಾಗಿ ಒತ್ತಿದ."

ಇಂದೆಲಿಕಾತೊ ಕಣ್ಣು ಮುಚ್ಚಿ ತೆರೆದ. "ಯಾಕೆ ಮಾಡಿದ್ರಿ?"

ಆಕೆ ಶಾಲಿನ ಅಂಚು ಸರಿಮಾಡಿಕೊಂಡಳು. "ಬಾಸ್ತಿಯಾನೊ ಹೋದ ದಿನ ಚೌಕದಲ್ಲಿ ಶೂಟಿಂಗು. ಕತೇಲೂ ಒಂದು ಸಾವಂತೆ, ಯಾವನೋ ಜಮೀನ್ದಾರಂದು. ಗೋಡೆ ಮೇಲೆ ಅವನ ಕಾಗದ ಬೇಕು ಅಂತ ನನ್ನ ಗಂಡನ ಕಾಗದ ಕಿತ್ತು ಹಾಕಿದ್ರು. ಒಂದೂ ಬಿಡ್ಲಿಲ್ಲ. ಊರೋರಿಗೆಲ್ಲ ಕರೀ ಬಟ್ಟೆ ಹಾಕ್ಸಿ ಆ ಜಮೀನ್ದಾರನ ಶವಪೆಟ್ಟಿಗೆ ಹಿಂದೆ ನಡೆಸಿದ್ರು. ಅತ್ತರು ನೋಡು ನಮ್ಮೋರು! ಒಳಗೆ ಮರಳು ಮೂಟೆ. ನನ್ನ ಬಾಸ್ತಿಯಾನೊನ್ನ ಪಾದ್ರಿ ಚರ್ಚಿನ ಹಿಂದಿನ ಬಾಗಿಲಿಂದ ಕರ್ಕೊಂಡು ಹೋದ್ರು. ನಾನು, ಪಾದ್ರಿ, ಹೊರೋ ನಾಲ್ಕು ಜನ. ನೀನೂ ಇದ್ದೆ ಮಗಾ, ಚೌಕದಲ್ಲಿ ಜನ ನುಗ್ಗದ ಹಾಗೆ ಹಗ್ಗ ಹಿಡ್ಕೊಂಡು."

"ನನಗೆ ಗೊತ್ತಿರ್ಲಿಲ್ಲ," ಅಂದ ಇಂದೆಲಿಕಾತೊ.

"ಯಾರಿಗೂ ಗೊತ್ತಿರ್ಲಿಲ್ಲ. ಅದನ್ನೇ ಹೇಳ್ತಿರೋದು. ಸಾವಿನ ಮನೇಲಿ ಒಲೆ ಹಚ್ಚಲ್ಲ, ನೆರೆಯೋರು ಅಡಿಗೆ ತರ್ತಾರೆ. ಕಾದೆ. ಸಂಜೆ ತನಕ ಕಾದೆ. ಎಲ್ಲಾ ಶೂಟಿಂಗಲ್ಲಿ ಊಟ ಮಾಡ್ತಿದ್ರು. ನಾನೇ ಎದ್ದು ಒಲೆ ಹಚ್ಚಿ ಪಾಸ್ತಾ ಬೇಯಿಸ್ದೆ. ಗಂಡ ಸತ್ತ ದಿನ." ಆಕೆ ಬಟ್ಟಲುಗಳನ್ನು ಎತ್ತಿದಳು. "ಇನ್ನೂ ಎಷ್ಟೋ ಜನ ಬಾಸ್ತಿಯಾನೊ ಎಲ್ಲಿ, ಕಾಣ್ತಾನೇ ಇಲ್ಲ ಅಂತ ಕೇಳ್ತಾರೆ. ಬದುಕಿಲ್ದೇ ಇರೋನಿಗೆ ಇಷ್ಟು ಜನ ಅಂದ್ಮೇಲೆ ಅವನೂ ಒಂದ್ಸಲ ಸಾಯ್ಲಿ, ಯಾರು ಬರ್ತಾರೆ ನೋಡೋಣ ಅಂತ."

"ಕೊಡೆ ಅಂತ ಯಾಕೆ ಬರೆದ್ರಿ?"

ಮುದುಕಿ ಮೊದಲ ಸಲ ತಬ್ಬಿಬ್ಬಾದಳು. "ಬರೆದ್ನಾ? ಕಾಗದ ಅಂದ್ಮೇಲೆ ಹೆಸರು ಬೇಕಲ್ಲ ಮಗಾ. ನಂಗೆ ಗೊತ್ತಿರೋದು ಅದೊಂದೇ."

ಇಂದೆಲಿಕಾತೊ ಅಂಗಳಕ್ಕೆ ಬಂದು ಪ್ರಾಸಿಕ್ಯೂಟರ್ ಸಾಹೇಬರಿಗೆ ಫೋನು ಮಾಡಿದ. ಎಚ್ಚರಿಕೆ ಕೊಟ್ಟು ಬಿಡೋಣವೇ ಅಂದ. ಆಗದು, ಸುದ್ದಿ ರೋಮಿನ ತನಕ ಹೋಗಿದೆ, ಸಾರ್ವಜನಿಕರಲ್ಲಿ ಸುಳ್ಳು ಗಾಬರಿ, ಪುರಾತನ ಗೋಡೆ ವಿರೂಪ, ಎರಡೂ ಹಾಕಿ ಕರೆತನ್ನಿ ಅಂದರು. ವಯಸ್ಸು ಎಪ್ಪತ್ತೆಂಟು ಅಂದ. ವಯಸ್ಸು ಕಾಲಂನಲ್ಲಿ ಬರೆಯಿರಿ ಅಂದರು. ಒಳಗೆ ಬಂದು ಕೊನೆಯ ಪ್ರಯತ್ನ ಮಾಡಿದ.

"ಅಮ್ಮಾ, ಕತಾನಿಯಾದಲ್ಲಿ ನಿಮ್ಮ ತಂಗಿ ಇದಾರಂತಲ್ಲ. ಬಸ್ಸು ಒಂದು ಗಂಟೆಗಿದೆ. ನಾನು ಇನ್ನೂ ಬಂದೇ ಇಲ್ಲ ಅಂದ್ಕೊಳ್ಳಿ."

"ಓಡಿಹೋದ್ರೆ ಕಾಗದ ಅಂಟಿಸಿದ್ದು ಯಾರು ಅಂತ ಹೇಗೆ ಗೊತ್ತಾಗ್ಬೇಕು? ಬರ್ಕೊ. ಬಾಸ್ತಿಯಾನೊ ಮಂದಾಲಾನ ಹೆಂಡತಿ ಅಂತ ಬರ್ಕೊ. ಕೊಡೆ ಅನ್ನೋದೂ ಹಾಕು, ಇಲ್ಲಾಂದ್ರೆ ಬೇರೆ ಬಾಸ್ತಿಯಾನೊ ಅಂದ್ಕೊಂಡಾರು."

ಅವನು ಬರೆದುಕೊಂಡ. ಕುಂಚ, ಪಾತ್ರೆ ಜಪ್ತಿ ಮಾಡಿ ಮಹಜರು ಮುಗಿಸಿದ. ಮಧ್ಯಾಹ್ನ ಹನ್ನೆರಡೂ ಐವತ್ತಕ್ಕೆ ಬಂಧನ. ಕೈಕೋಳ ಹಾಕಲಿಲ್ಲ.

ಓಣಿಗೆ ಜೀಪು ಬರದು. ಓಣಿಯ ಇನ್ನೊಂದು ತುದಿಯನ್ನು ನಗರಸಭೆಯವರು ಪ್ರವಾಸಿಗರ ನೂಕುನುಗ್ಗಲಿಗೆಂದು ಮುಚ್ಚಿದ್ದರು. ಉಳಿದದ್ದು ಚೌಕದ ದಾರಿ ಒಂದೇ. ಚೌಕದಲ್ಲಿ ಯುರೋಪಿನ ಅರ್ಧ ನೆರೆದಿತ್ತು. ನಮ್ಮೂರವರು ಬಾಗಿಲುಗಳಲ್ಲಿ ತುಂಬಿದ್ದರು. ಅಸಲಿ ಇನ್ಸ್‌ಪೆಕ್ಟರೊಬ್ಬ ಸಮವಸ್ತ್ರದಲ್ಲಿ ಮುದುಕಿಯೊಬ್ಬಳ ತೋಳು ಹಿಡಿದು ಹಳದಿ ಕಟ್ಟಡದ ಹಿಂದಿನಿಂದ ಹೊರಬಂದದ್ದನ್ನು ಕಂಡು ಪ್ರವಾಸಿಗರು ಮಾಡಿಕೊಂಡ ಅರ್ಥ ಒಂದೇ. ಕಮಿಸ್ಸಾರಿಯೊ ಸತ್ತದ್ದು, ಕಾಗದ, ಹೂವು, ಎಲ್ಲ ಹೊಸ ಕಂತಿನ ಆಟ, ಇದೀಗ ಕೊಲೆಗಾತಿ ಸಿಕ್ಕಿದಳು!

ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಚೌಕಕ್ಕೆ ಚೌಕವೇ ತಟ್ಟಿತು. ಪಾರಿವಾಳಗಳು ಒಂದೂ ಉಳಿಯದೆ ಎದ್ದುಹೋದವು.

"ಇದು ನಿಜ! ನಾಟಕ ಅಲ್ಲ! ದಾರಿ ಬಿಡಿ!" ಇಂದೆಲಿಕಾತೊ ಕೂಗಿದ. ಅವರು ಇನ್ನೂ ಜೋರಾಗಿ ತಟ್ಟಿದರು. ಎಂಥ ನಟ, ಅಂದರು.

ದೊನ್ನಾ ಕ್ರೊಚಿಫಿಸ್ಸಾ ಚರ್ಚಿನ ಮುಂಬಾಗಿಲಿನ ಮೆಟ್ಟಿಲ ಎದುರು ನಿಂತುಬಿಟ್ಟಳು. ನಮ್ಮಲ್ಲಿ ಶವಪೆಟ್ಟಿಗೆ ಚರ್ಚಿನ ಹೊಸ್ತಿಲು ದಾಟಿ ಹೊರಬರುವಾಗ ಊರು ಚಪ್ಪಾಳೆ ತಟ್ಟುತ್ತದೆ. ಸತ್ತವನಿಗೆ ಕೊನೆಯ ಮರ್ಯಾದೆ ಅದು. ಬಾಗಿಲುಗಳಲ್ಲಿ ನಿಂತ ನಮ್ಮೂರವರಿಗೆ ಆಕೆ ಮಡಿಚಿದ ಕೊಡೆಯ ವಿಧವೆಯೆಂದು, ಗೋಡೆಯ ಕಾಗದ ಯಾರದೆಂದು ಆಗ ಹೊಳೆಯಿತು. ದೊನ್ ಲಿಬೊರಿಯೊ ಕತ್ತಿ ಜೇಬಿಗಿಳಿಸಿ ತಾನೂ ತಟ್ಟತೊಡಗಿದ. ಬ್ರೆಡ್ಡಿನ ಮಿಕೆಲಾಂಜೊಲೊ ಹಿಟ್ಟಿನ ಕೈಯಲ್ಲೇ ತಟ್ಟಿದ. ಮುದುಕಿ ಶಾಲನ್ನು ಹಣೆಗೆ ಎಳೆದುಕೊಂಡು, ಎಲ್ಲ ವಿಧವೆಯರೂ ಮಾಡುವ ಹಾಗೆ, ಜನರತ್ತ ನಿಧಾನ ತಲೆ ಬಾಗಿಸಿದಳು. ಬಲಕ್ಕೊಮ್ಮೆ, ಎಡಕ್ಕೊಮ್ಮೆ.

"ಸಾಹೇಬ್ರೆ, ಜೀಪು ಅಲ್ಲಿದೆ. ಕರ್ಕೊಂಡು ಹೋಗ್ಲಾ?" ಅಂದ ಪುಲೆಯೊ.

"ನಿಲ್ಲು," ಅಂದ ಇಂದೆಲಿಕಾತೊ. ಟೋಪಿ ತೆಗೆದು ಕಂಕುಳಲ್ಲಿ ಹಿಡಿದುಕೊಂಡ. "ಮುಗೀಲಿ."